ಪಕ್ಕದವರು ಸಹಿ ಹಾಕಿದ್ದಾರೆ

ನನ್ನ ಹೆಂಡತಿ ಆರ್ಡಿಸ್ ಸಿಟ್ಟು ಬಂದಾಗ ಪಾತ್ರೆ ತೊಳೆಯುತ್ತಾಳೆ. ತೊಳೆದು ಕಪಾಟಿನಲ್ಲಿಟ್ಟಿದ್ದನ್ನೂ ಇಳಿಸಿಕೊಂಡು ಮತ್ತೆ ತೊಳೆಯುತ್ತಾಳೆ. ಪೈಪ್‌ಲೈನ್ ಕಂಪನಿಯ ಟ್ರೆಂಟ್ ಮೊದಲ ಸಲ ನಮ್ಮ ಮನೆಗೆ ಬಂದುಹೋದ ಸಂಜೆ ಅವಳು ಮನೆಯಲ್ಲಿದ್ದ ಅಷ್ಟೂ ಪಾತ್ರೆ ತೊಳೆದಳು. ನಾಯಿಯ ತಟ್ಟೆಯನ್ನೂ ಬಿಡಲಿಲ್ಲ.

ಜಮೀನು ಅವಳದು. ಅವಳ ಅಜ್ಜ ವಾವ್ರ ಬೊಹೀಮಿಯಾದಿಂದ ಹಡಗು ಹತ್ತಿ ಬಂದು ನೆಬ್ರಾಸ್ಕದ ಈ ಮರಳುಗುಡ್ಡಗಳ ನಡುವೆ ನೆಲೆ ನಿಂತವನು. ನಾನು, ಲೈಲ್, ಪಕ್ಕದ ಕೌಂಟಿಯಿಂದ ಬಂದ ಮನೆ ಅಳಿಯ. ನಮ್ಮಲ್ಲಿ ಹುಲ್ಲಿನ ಕೆಳಗೆ ಮರಳು, ಮರಳಿನ ಕೆಳಗೆ ನೀರು. ಬೇಲಿ ಗೂಟ ನೆಡಲು ಬೆಳಿಗ್ಗೆ ಗುಂಡಿ ತೋಡಿದರೆ ಊಟ ಮುಗಿಸಿ ಬರುವಷ್ಟರಲ್ಲಿ ಅದರಲ್ಲಿ ನೀರು ನಿಂತಿರುತ್ತದೆ. ನಾವು ಕುಡಿಯುವುದೂ ದನ ಕುಡಿಯುವುದೂ ಅದನ್ನೇ. ಆ ಹುಲ್ಲುಗಾವಲಿನ ಅಡ್ಡಕ್ಕೆ, ಕೆನಡಾದಿಂದ ಗಡಿ ದಾಟಿ ಟೆಕ್ಸಾಸ್ ಬಂದರಿನವರೆಗೆ ಕಚ್ಚಾ ಎಣ್ಣೆಯ ಪೈಪು ಹೋಗಬೇಕೆಂದು ಯಾರೋ ನಕ್ಷೆಯ ಮೇಲೆ ಗೆರೆ ಎಳೆದಿದ್ದರು. ಗೆರೆ ಮೊದಲು ಪಕ್ಕದ ಎಮಿಲ್ ಕುಬಿಚೆಕ್‌ನ ಗಾವಲನ್ನು ಸೀಳಿ ಆಮೇಲೆ ನಮ್ಮದಕ್ಕೆ ಬರುತ್ತಿತ್ತು.

ಟ್ರೆಂಟ್ ಬಂದದ್ದು ಏಪ್ರಿಲ್‌ನಲ್ಲಿ, ಹಸುಗಳು ಈಯುವ ಕಾಲ. ನಾವಿಬ್ಬರೂ ನಿದ್ದೆಗೆಟ್ಟು ಕೂತಿದ್ದೆವು. ಒಳ್ಳೆ ನಗುಮುಖದ ಯುವಕ. ಬೂಟಿಗೆ ಎಲ್ಲೂ ಸಗಣಿ ತಾಗದ ಹಾಗೆ ಅಂಗಳ ದಾಟಿ ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಆರ್ಡಿಸ್ ಕೊಟ್ಟ ಕೊಲಾಚಿಯನ್ನು, ಪ್ಲಮ್ ಹಣ್ಣು ತುಂಬಿದ ಸಿಹಿ ಬನ್ನನ್ನು, ಹೊಗಳಿ ಹೊಗಳಿ ತಿಂದ. ಆಮೇಲೆ ಕಾಗದ ಹರಡಿದ.

"ಪಕ್ಕದ ಎಮಿಲ್ ಅವರದು ಸಹಿ ಆಯ್ತು ಮೇಡಂ. ಈ ಸಾಲಲ್ಲಿ ಉಳಿದಿರೋದು ನೀವೊಬ್ಬರೇ."

ಆರ್ಡಿಸ್ ಕಾಫಿ ಸುರಿಯುತ್ತಿದ್ದವಳು ನಿಲ್ಲಿಸಿದಳು. "ಎಮಿಲಣ್ಣ ಸಹಿ ಹಾಕಿದ್ನಾ?"

"ಹೋದ ವಾರಾನೇ. ತಿಳಿವಳಿಕೆ ಇರೋ ಮನುಷ್ಯ ಅವರು. ನೀವೂ ಹಾಕಿಬಿಟ್ರೆ ಒಳ್ಳೆ ಮಾತಲ್ಲಿ ಮುಗಿಯುತ್ತೆ. ಇಲ್ಲ ಅಂದ್ರೆ ಕೋರ್ಟು, ಸ್ವಾಧೀನ, ಅದು ಇದು. ಅದೆಲ್ಲ ನಮಗೂ ಇಷ್ಟ ಇಲ್ಲ."

"ಬೇರೆ ದೇಶದ ಕಂಪನಿ ಬಂದು ನಮ್ಮ ಕೋರ್ಟಲ್ಲೇ ನಮ್ಮ ಜಮೀನು ಕಿತ್ಕೊಳ್ಳುತ್ತಾ?"

"ಕಿತ್ಕೊಳ್ಳೋದು ಅನ್ನಬೇಡಿ ಮೇಡಂ. ಜಮೀನು ನಿಮ್ದೇ. ಬಳಸೋ ಹಕ್ಕು ಮಾತ್ರ ನಮ್ದು."

"ಹಂಗಾದ್ರೆ ನಿಮ್ಮಮ್ಮನ ನಡುಮನೇಲಿ ನಾನೊಂದು ಪೈಪ್ ಹೂಳ್ತೀನಿ. ಮನೆ ಅವರದೇ. ಬಳಸೋ ಹಕ್ಕು ಮಾತ್ರ ನಂದು. ಒಪ್ತಾರಾ ಕೇಳು."

ಟ್ರೆಂಟ್ ನಗುತ್ತಲೇ ಇನ್ನೊಂದು ಕೊಲಾಚಿಗೆ ಕೈ ಚಾಚಿದ. ಆರ್ಡಿಸ್ ತಟ್ಟೆ ಎತ್ತಿಕೊಂಡು ಹೋದಳು.

ಅವನ ಕಾರು ರಸ್ತೆಗೆ ಹೋಗುವುದನ್ನು ಕಿಟಕಿಯಲ್ಲಿ ನಿಂತು ನೋಡಿದಳು. ಅವಳ ಸಿಟ್ಟು ಆ ಕಾರಿನ ಹಿಂದೆ ಹೋಗಲಿಲ್ಲ, ನೇರ ಬೇಲಿ ಹಾರಿ ಎಮಿಲ್‌ನ ಮನೆಗೆ ಹೋಯಿತು. ಅದಕ್ಕೆ ಕಾರಣ ಇತ್ತು. ಎಮಿಲ್ ಎಂದರೆ ಅವಳಪ್ಪನ ಜೊತೆ ಹುಲ್ಲು ಕೊಯ್ದವನು, ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಕರು ಅಡ್ಡ ತಿರುಗಿದ ಹೊತ್ತಲ್ಲಿ ನಾವು ಡಾಕ್ಟರನ್ನು ಕರೆಯುವ ಮೊದಲು ಅವನನ್ನು ಕರೆಯುತ್ತಿದ್ದೆವು. ಎರಡು ಗಾವಲಿನ ನಡುವೆ ಒಂದು ಗೇಟು ಇತ್ತು. ಅದಕ್ಕೆ ಅಗುಳಿ ಇತ್ತೇ ಹೊರತು ಬೀಗ ಇರಲಿಲ್ಲ. ಮಾರನೆಯ ದಿನ ಆರ್ಡಿಸ್ ಕೊಟ್ಟಿಗೆಯಿಂದ ದಪ್ಪ ಸರಪಳಿ ಎತ್ತಿಕೊಂಡು ಹೋಗಿ ಆ ಗೇಟಿಗೆ ಸುತ್ತಿ ಬೀಗ ಹಾಕಿದಳು.

"ನಾನು ಹೋಗಿ ಒಂದು ಮಾತು ಕೇಳ್ಕೊಂಡು ಬರ್ತೀನಿ," ಎಂದೆ.

"ಹೋಗು. ಊಟಾನೂ ಅಲ್ಲೇ ಮಾಡು. ಮಲಗೋದೂ ಅಲ್ಲೇ."

ಜಮೀನು ಅವಳದು, ಜಗಳವೂ ಅವಳದು. ನಾನು ಹೋಗಲಿಲ್ಲ.

ಕೆಲವು ವಾರ ಕಳೆದ ಮೇಲೆ, ಮೇ ತಿಂಗಳಲ್ಲಿ, ಎಮಿಲ್‌ನ ಪಿಕಪ್ ಗೇಟಿನ ಆ ಕಡೆ ಬಂದು ನಿಂತಿತು. ನಾನು ದನದ ತೊಟ್ಟಿಯ ಹತ್ತಿರ ಇದ್ದೆ. ಮುದುಕ ಇಳಿದು ಬಂದು ಸರಪಳಿಯನ್ನು ಕೈಯಲ್ಲಿ ಹಿಡಿದು ನೋಡಿದ. ನಮ್ಮ ಮನೆಯ ಕಡೆ ನೋಡಿದ. ಗಾಡಿ ಹತ್ತಿ ಹಿಂದಕ್ಕೆ ತಿರುಗಿಸಿಕೊಂಡು ಹೋದ. ಆಮೇಲೆ ಅವನು ಬರಲೇ ಇಲ್ಲ. ಚರ್ಚಿನಲ್ಲಿ ಅವನು ಆ ಕಡೆ ಬೆಂಚು, ನಾವು ಈ ಕಡೆ ಬೆಂಚು. ಶನಿವಾರದ ಇಸ್ಪೀಟು ನಿಂತಿತು. ಜುಲೈನಲ್ಲಿ ಹುಲ್ಲು ಕೊಯ್ಯುವಾಗ ಅವನ ಟ್ರ್ಯಾಕ್ಟರ್ ಬೇಲಿಯ ಆ ಬದಿ, ನಮ್ಮದು ಈ ಬದಿ, ಹತ್ತಿರ ಬಂದಾಗಲೆಲ್ಲ ಇಬ್ಬರೂ ಇಂಜಿನ್ ನೋಡುವವರ ಹಾಗೆ ಮುಖ ತಗ್ಗಿಸುತ್ತಿದ್ದೆವು. ಅಂಥ ಬೇಸಿಗೆಯನ್ನು ನಾನು ಆ ಊರಲ್ಲಿ ಕಂಡಿರಲಿಲ್ಲ. ನಮ್ಮಲ್ಲಿ ಮಾತ್ರ ಅಲ್ಲ. ಅಂಚೆ ಕಚೇರಿಯಲ್ಲಿ, ಧಾನ್ಯದ ಗೋದಾಮಿನಲ್ಲಿ, ಎಲ್ಲ ಕಡೆ ಜನ ಒಬ್ಬರನ್ನೊಬ್ಬರು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಯಾರು ಹಾಕಿದ್ದಾರೆ, ಯಾರು ಹಾಕಿಲ್ಲ ಎಂದು ಮುಖ ನೋಡಿ ಲೆಕ್ಕ ಹಾಕುತ್ತಿದ್ದರು.

ಸೆಪ್ಟೆಂಬರ್ ಮೊದಲ ವಾರ, ನಮ್ಮ ದೇಶದ ಕಾರ್ಮಿಕರ ದಿನದ ರಜೆಗೆ, ಆರ್ಡಿಸ್‌ಳ ತಮ್ಮ ಡ್ವೇನ್ ಒಮಾಹಾದಿಂದ ಬಂದ. ಡ್ವೇನ್ ವೆಲ್ಡರ್. ಪೈಪು ಬೆಸೆಯುವುದರಲ್ಲಿ ಎತ್ತಿದ ಕೈ. ಆದರೆ ವರ್ಷಕ್ಕೂ ಮಿಕ್ಕಿ ಕೆಲಸ ಇರಲಿಲ್ಲ. ಬೆಳಿಗ್ಗೆ ಯೂನಿಯನ್ ಹಾಲ್‌ಗೆ ಹೋಗಿ ಬೆಂಚಿನ ಮೇಲೆ ಕೂತು, ಹೆಸರು ಕರೆಯದಿದ್ದರೆ ಮನೆಗೆ ಬರುವುದು. ನಾನು ಅಂಗಳದಲ್ಲಿ ಸಾಸೇಜು, ಜೋಳದ ತೆನೆ ಸುಡುತ್ತಿದ್ದೆ. ಅಕ್ಕ ತಮ್ಮ ಮೊದಲು ಹವಾಮಾನದ ಬಗ್ಗೆ ಮಾತಾಡಿದರು. ಆಗಲೇ ನನಗೆ ಭಯವಾಯಿತು.

"ಈ ತಿಂಗಳ ಕೊನೇಲಿ ನಿಮ್ಮೂರ ಸ್ಕೂಲಲ್ಲಿ ಸಭೆ ಇದೆಯಲ್ಲ," ಎಂದ ಡ್ವೇನ್. "ಪೈಪಿನ ಬಗ್ಗೆ ಜನರ ಮಾತು ಕೇಳೋಕೆ ವಾಷಿಂಗ್ಟನ್‌ನಿಂದ ಅಧಿಕಾರಿಗಳು ಬರ್ತಾರೆ. ನಮ್ಮ ಯೂನಿಯನ್ ಬಸ್ ಮಾಡಿದೆ. ನಾನೂ ಬರ್ತೀನಿ ಅಕ್ಕ."

"ಬಾ. ಊಟಕ್ಕೆ ಮನೆಗೆ ಬಾ."

"ನಾನು ಪೈಪ್ ಬೇಕು ಅಂತ ಮಾತಾಡೋಕೆ ಬರ್ತಿರೋದು."

"ಗೊತ್ತಾಯ್ತು. ನಾನೇನು ಪೆದ್ದಿನಾ?"

"ನಿನ್ನ ಟ್ರ್ಯಾಕ್ಟರ್ ಏನು ಕುಡಿಯುತ್ತೆ ಹೇಳು. ಮಜ್ಜಿಗೆನಾ?"

"ಡೀಸೆಲ್ ಕುಡಿಯುತ್ತೆ. ನಾನು ಕುಡಿಯಲ್ಲ. ನನ್ನ ಹಸು ಕುಡಿಯಲ್ಲ."

"ನಾನು ಹಾಕಿದ ವೆಲ್ಡಿಂಗ್ ಯಾವತ್ತಾದ್ರೂ ಸೋರಿದ್ದುಂಟಾ? ಒಂದು ತೋರಿಸು."

"ನಿಂದು ಸೋರಲ್ಲ ಕಣೋ. ಕೆನಡಾದಿಂದ ಟೆಕ್ಸಾಸ್‌ವರೆಗೆ ನೀನೊಬ್ಬನೇ ಬೆಸೀತೀಯಾ? ಬೆಸೆದಾದ ಮೇಲೆ ನೀನು ಮನೆಗೆ ಹೋಗ್ತೀಯ. ಪೈಪು ಇಲ್ಲೇ ಇರುತ್ತೆ. ನೀರೂ ಇಲ್ಲೇ ಇರುತ್ತೆ."

ಡ್ವೇನ್ ತಟ್ಟೆ ಕೆಳಗಿಟ್ಟ. ಅವನ ಧ್ವನಿ ಸಣ್ಣದಾಯಿತು. "ಅಪ್ಪ ನಿನಗೆ ಜಮೀನು ಕೊಟ್ಟ, ನನಗೆ ಕಸುಬು ಕಲಿಸಿದ. ಆಗ ನಾನು ತಕರಾರು ತೆಗೀಲಿಲ್ಲ. ಈಗ ನಿನ್ನ ಪಾಲು ಉಳಿಸ್ಕೊಳ್ಳೋಕೆ ನನ್ನ ಪಾಲಿಗೆ ಬಾಗಿಲು ಹಾಕ್ತೀಯಲ್ಲ, ಅದು ನ್ಯಾಯಾನಾ?" ನನ್ನ ಕಡೆ ತಿರುಗಿದ. "ಭಾವ, ನೀನಾದ್ರೂ ಹೇಳು."

ಜೋಳ ಸೀಯುತ್ತಿದೆ ಎಂದೆ ನಾನು. ಅದು ನಿಜವೂ ಆಗಿತ್ತು. ಆರ್ಡಿಸ್ ಎದ್ದು ಒಳಗೆ ಹೋದಳು. ತಮ್ಮ ಹೊರಟಾಗ ಕಾರಿನ ಕಿಟಕಿಯೊಳಗೆ ಕೊಲಾಚಿಯ ಡಬ್ಬ ತುರುಕಿ, "ಮಕ್ಕಳಿಗೆ," ಎಂದಷ್ಟೇ ಹೇಳಿದಳು. ಆ ರಾತ್ರಿ ಪಾತ್ರೆಯ ಸದ್ದು ಬಹಳ ಹೊತ್ತು ಕೇಳಿಸಿತು.

ಸಭೆಯ ದಿನ ಶಾಲೆಯ ಆಟದ ಹಾಲ್ ತುಂಬಿ ಹೋಗಿತ್ತು. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಒಂದು ಮೇಜು, ಅದರ ಹಿಂದೆ ವಾಷಿಂಗ್ಟನ್‌ನಿಂದ ಬಂದ ಇಬ್ಬರು ಅಧಿಕಾರಿಗಳು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಮುಂದಿನ ಸಾಲುಗಳೆಲ್ಲ ಕಿತ್ತಳೆ ಅಂಗಿ. ಯೂನಿಯನ್ ಬಸ್ಸುಗಳು ಬೆಳಕು ಹರಿಯುವ ಮೊದಲೇ ಬಂದು ಜಾಗ ಹಿಡಿದಿದ್ದವು. ದನಕ್ಕೆ ನೀರು ಮೇವು ಹಾಕಿ ಬಂದ ನಾವು ಹಿಂದಿನ ಮರದ ಮೆಟ್ಟಿಲುಗಳ ಮೇಲೆ. "ನಮ್ಮ ಸ್ಕೂಲಲ್ಲಿ ನಾವೇ ಹಿಂದಿನ ಬೆಂಚು ನೋಡು," ಎಂದು ನನ್ನ ಪಕ್ಕದಲ್ಲಿದ್ದವನು ಗೊಣಗಿದ. ಬಹುಮಾನದ ಕಪ್ಪುಗಳಿದ್ದ ಗಾಜಿನ ಕಪಾಟಿನ ಹತ್ತಿರ ಟ್ರೆಂಟ್ ಕೈ ಕಟ್ಟಿ ನಿಂತಿದ್ದ. ಕಂಡವರಿಗೆಲ್ಲ ತಲೆಯಾಡಿಸುತ್ತಿದ್ದ.

ಒಬ್ಬೊಬ್ಬರಿಗೆ ಮೂರು ನಿಮಿಷ. ಮುಗಿದರೆ ಮೇಜಿನ ಮೇಲೆ ಕೆಂಪು ದೀಪ. ಡ್ವೇನ್ ಬೇಗನೆ ಮಾತಾಡಿದ, ಚೆನ್ನಾಗಿ ಮಾತಾಡಿದ. ತಾನು ಇಲ್ಲೇ ಹುಟ್ಟಿದವನು, ಇದೇ ಹಾಲ್‌ನಲ್ಲಿ ಚೆಂಡು ಆಡಿದವನು ಎಂದ. "ಎಣ್ಣೆ ನಿಲ್ಲಲ್ಲ. ಪೈಪಲ್ಲಿ ಬರದಿದ್ರೆ ರೈಲಲ್ಲಿ ಬರುತ್ತೆ. ಬರೋದೇ ಆದ್ರೆ ನಮ್ಮ ಕೈಯಿಂದ ಚೆನ್ನಾಗಿ ಬೆಸೆದ ಪೈಪಲ್ಲಿ ಬರಲಿ. ನಾವು ನಿಮ್ಮ ಶತ್ರುಗಳಲ್ಲ. ನಮಗೂ ಮನೆ ಇದೆ, ಮಕ್ಕಳಿದಾರೆ." ಕಿತ್ತಳೆ ಸಾಲುಗಳು ಎದ್ದು ಚಪ್ಪಾಳೆ ತಟ್ಟಿದವು. ಹಿಂದಿನಿಂದ ಯಾರೋ, "ನಿನ್ನ ಮಕ್ಕಳಿಗೆ ಆ ಎಣ್ಣೆ ಬೆರೆತ ನೀರು ಕುಡಿಸು ಹೋಗು!" ಎಂದು ಕೂಗಿದರು. ಆರ್ಡಿಸ್ ತಿರುಗಿ ಆ ಮನುಷ್ಯನಿಗೆ, "ಅವನ ಮಕ್ಕಳ ಸುದ್ದಿಗೆ ಬರಬೇಡ," ಎಂದಳು.

ಪೈಪ್ ಬೇಡ ಎಂದು ಮಾತಾಡುವವರ ಸಾಲು ಗೋಡೆಯುದ್ದಕ್ಕೂ ಇತ್ತು. ಆರ್ಡಿಸ್ ಕಾಗದ ಹಿಡಿದು ನಿಂತಿದ್ದಳು, ನಾನು ಅವಳ ಹಿಂದೆ. ಅವಳ ಮುಂದೆ ಇದ್ದ ಬೆನ್ನು ಎಮಿಲ್‌ನದು. ಅಷ್ಟು ಹೊತ್ತು ಅಷ್ಟು ಹತ್ತಿರ ನಿಂತರೂ ಇಬ್ಬರೂ ಒಂದು ಮಾತಾಡಲಿಲ್ಲ.

ಎಮಿಲ್ ಮೈಕಿನ ಮುಂದೆ ಹೋಗಿ ಟೋಪಿ ತೆಗೆದ. ಕಾಗದ ಏನೂ ತಂದಿರಲಿಲ್ಲ.

"ನನ್ನ ಹೆಸರು ಎಮಿಲ್ ಕುಬಿಚೆಕ್. ನಾನು ಸಹಿ ಹಾಕಿದ್ದೀನಿ," ಎಂದ. ಮುಂದಿನ ಸಾಲಿನ ಕೆಲವರು ಚಪ್ಪಾಳೆ ಹೊಡೆದರು. "ತಡೀರಿ, ಹೊಡೀಬೇಡಿ. ನನಗೆ ಇಷ್ಟ ಇರಲಿಲ್ಲ. ಮೇ ತಿಂಗಳಲ್ಲಿ ಆ ಹುಡುಗ ಬಂದ. ಪಕ್ಕದ ಆರ್ಡಿಸ್ ಸಹಿ ಹಾಕಿ ಆಯ್ತು, ಇನ್ನು ನೀವೊಬ್ಬರೇ ಅಂದ. ವಾವ್ರನ ಮೊಮ್ಮಗಳೇ ಒಪ್ಪಿದ ಮೇಲೆ ನಾನೊಬ್ಬ ಮುದುಕ ನಿಂತು ಏನು ಮಾಡ್ಲಿ ಅಂತ ಹಾಕಿದೆ. ಇವತ್ತು ನೋಡಿದ್ರೆ ಅವಳು ಪೈಪ್ ಬೇಡ ಅನ್ನೋರ ಸಾಲಲ್ಲಿ ನನ್ನ ಹಿಂದೇನೇ ನಿಂತಿದಾಳೆ. ನನಗೆ ಅರ್ಥ ಆಗ್ತಿಲ್ಲ. ಅದಕ್ಕೇ ಕೇಳ್ತಿದೀನಿ. ಸಹಿ ಹಾಕಿದೋಳು ಇಲ್ಲಿ ಯಾಕೆ ನಿಂತಿದಾಳೆ?"

"ನಾನೆಲ್ಲಿ ಹಾಕಿದೆ?" ಆರ್ಡಿಸ್‌ಳ ಧ್ವನಿ ಹಾಲ್‌ನ ಛಾವಣಿಗೆ ಬಡಿಯಿತು. "ನಾನೆಲ್ಲಿ ಹಾಕಿದೆ ಸಹಿ? ನೀನು ಹಾಕಿದೀಯ ಅಂತ ನನಗೆ ಏಪ್ರಿಲ್‌ನಲ್ಲೇ ಹೇಳಿದ್ನಲ್ಲ ಅವನು!"

ಎಮಿಲ್ ಮೈಕು ಬಿಟ್ಟು ತಿರುಗಿದ. "ಏಪ್ರಿಲ್‌ನಲ್ಲಿ ನಾನು ಅವನ ಮುಖಾನೇ ನೋಡಿರಲಿಲ್ಲ ಆರ್ಡಿಸ್."

ಹೆಂಗಸು ಅಧಿಕಾರಿ ಮೈಕಿನಲ್ಲಿ, "ದಯವಿಟ್ಟು, ಸರದಿ ಪ್ರಕಾರ ಮಾತಾಡಿ," ಎಂದಳು. ಸರದಿ ಆರ್ಡಿಸ್‌ಳದೇ. ಅವಳು ಮುಂದೆ ಹೋಗಿ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು.

"ನೀರಿನ ವಿಷಯ ಬರ್ಕೊಂಡು ಬಂದಿದ್ದೆ. ಅದನ್ನ ಬೇರೆಯೋರು ಹೇಳ್ತಾರೆ," ಎಂದಳು. ಆಮೇಲೆ ಮೈಕನ್ನು ಕಂಬದಿಂದ ಕಿತ್ತುಕೊಂಡು, ಅಧಿಕಾರಿಗಳಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿದಳು. "ನಿಮ್ಮ ಪಕ್ಕದವರು ಸಹಿ ಹಾಕಿದಾರೆ ಅಂತ ಯಾರ್ಯಾರಿಗೆ ಹೇಳಿದ್ರು? ಎದ್ದು ನಿಂತ್ಕೊಳ್ಳಿ."

"ಮೇಡಂ, ಸಮಿತಿಯ ಕಡೆ ತಿರುಗಿ ಮಾತಾಡಬೇಕು," ಎಂದ ಗಂಡಸು ಅಧಿಕಾರಿ.

"ನಿಮ್ಮ ಕಡೆ ತಿರುಗಿ ಏನು ಮಾಡ್ಲಿ? ಸುಳ್ಳು ಹೇಳಿರೋದು ಇವರಿಗೆ."

ಮರದ ಮೆಟ್ಟಿಲುಗಳು ಕಿರುಗುಟ್ಟಿದವು. ಮೊದಲು ಒಬ್ಬ ಎದ್ದ. ಅವನ ಹೆಂಡತಿ ಎದ್ದಳು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಎದ್ದವರು ತಮ್ಮ ಸುತ್ತ ನೋಡಿ, ಎದ್ದು ನಿಂತ ಪಕ್ಕದ ಮನೆಯವರನ್ನು ಕಂಡು, "ನಿನಗೂ?" "ನಿನಗೂ ಅಂದ್ನಾ?" ಎನ್ನುವುದು ಸಾಲಿನಿಂದ ಸಾಲಿಗೆ ಹಬ್ಬಿತು. ಹಿಂದಿನ ಅರ್ಧ ಹಾಲ್ ಎದ್ದು ನಿಂತಿತ್ತು.

"ಈಗ, ಅವನು ಹಂಗೆ ಹೇಳೋಕೆ ಮೊದಲು ನಿಜವಾಗ್ಲೂ ಸಹಿ ಹಾಕಿದ್ದೋರು ಇದ್ರೆ ಕೂತ್ಕೊಳ್ಳಿ."

ಒಬ್ಬ ದಡೂತಿ ಮನುಷ್ಯ ಕೂತ. ಕೂತವನು ಯೋಚಿಸಿ ಮತ್ತೆ ಎದ್ದ. "ನಾನು ಹಾಕಿದ್ದು ಅವನು ಹೇಳಿದ ಮೇಲೆ," ಎಂದ. ಯಾರೂ ನಗಲಿಲ್ಲ.

ಆರ್ಡಿಸ್ ಗಾಜಿನ ಕಪಾಟಿನ ಕಡೆ ಕೈ ತೋರಿಸಿದಳು. "ಟ್ರೆಂಟ್. ನನ್ನ ಮೇಜಿನ ಮುಂದೆ ಕೂತು, ನಾನು ಮಾಡಿದ್ದನ್ನ ತಿಂದು, ಎಮಿಲ್ ಸಹಿ ಹಾಕಿದಾನೆ ಅಂದ್ಯಲ್ಲ. ಇಲ್ಲಿ ಬಂದು ಇನ್ನೊಂದು ಸಲ ಹೇಳು."

ಟ್ರೆಂಟ್‌ನ ಮುಖ ಕೆಂಪಾಯಿತು. ಅವನು ಬಾಗಿಲ ಕಡೆ ಸರಿದ. ಮೇಜಿನ ಮೇಲೆ ಕೆಂಪು ದೀಪ ಹತ್ತಿತು, ಮೈಕು ಸತ್ತಿತು. ಆರ್ಡಿಸ್ ಸತ್ತ ಮೈಕನ್ನು ಅಧಿಕಾರಿಯ ಮುಂದಿಟ್ಟು, "ಇದನ್ನೂ ಬರ್ಕೊಳ್ಳಿ," ಎಂದು ಹೊರಟಳು.

ನಾನು ಅವಳ ಹಿಂದೆ ಓಡಿದೆ. ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಡ್ವೇನ್ ನಮಗಿಂತ ಮೊದಲೇ ಬಂದಿದ್ದ. ಟ್ರೆಂಟ್‌ನನ್ನು ಅವನದೇ ಕಾರಿಗೆ ಒರಗಿಸಿ ಕೊರಳ ಪಟ್ಟಿ ಹಿಡಿದಿದ್ದ.

"ನನಗೆ ಕೆಲಸ ಬೇಕು ಕಣೋ," ಎನ್ನುತ್ತಿದ್ದ. "ಈಗಲೂ ಬೇಕು. ಆದ್ರೆ ನಮ್ಮಕ್ಕನಿಗೆ ಸುಳ್ಳು ಹೇಳಿ ತಂದ ಕೆಲಸ ಯಾರಿಗೆ ಬೇಕು? ಅಲ್ಲಿ ನಿಂತು ನಾವು ಶತ್ರುಗಳಲ್ಲ ಅಂತ ಭಾಷಣ ಮಾಡಿದೆನಲ್ಲ, ನನ್ನ ಮುಖಕ್ಕೆ ಮಸಿ ಬಳಿದೆಯಲ್ಲೋ!"

"ನಾನೊಬ್ಬನೇ ಏನಲ್ಲ," ಎಂದ ಟ್ರೆಂಟ್. ಉಸಿರು ಕಟ್ಟಿತ್ತು. ಅಷ್ಟಾದರೂ ತಪ್ಪು ಮಾಡಿದವನ ಧ್ವನಿಯಲ್ಲ, ಬೇಸತ್ತವನ ಧ್ವನಿ. "ಎಲ್ಲಾ ಕಡೆ ಹಂಗೇ ಹೇಳೋದು. ಹಂಗೆ ಹೇಳದಿದ್ರೆ ಯಾರೂ ಸಹಿ ಹಾಕಲ್ಲ."

ನಾನು ಡ್ವೇನ್‌ನ ಕೈ ಬಿಡಿಸಿದೆ. ಬಿಡಿಸುವಾಗ ನನಗೂ ಒಂದು ಕೊಡಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಆರ್ಡಿಸ್ ಟ್ರೆಂಟ್‌ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದ ಎಮಿಲ್‌ನನ್ನು.

"ನೀನ್ಯಾಕೆ ಬಂದು ನನ್ನ ಕೇಳಲಿಲ್ಲ?" ಎಂದಳು. "ಒಂದು ಗೇಟು ದಾಟಿದ್ರೆ ನಮ್ಮನೆ. ಅವನ್ಯಾರೋ ದಾರೀಲಿ ಹೋಗೋನು ಹೇಳಿದ್ದನ್ನ ನಂಬಿದೆ. ನನ್ನ ಕೇಳೋಕೆ ನಿನಗೇನು ಕಷ್ಟ ಇತ್ತು?"

"ಕೇಳೋಣ ಅಂತಾನೇ ಬಂದೆ," ಎಂದ ಎಮಿಲ್. "ಅವನು ಹೇಳಿದ ಮಾರನೇ ದಿನಾನೇ ಬಂದೆ. ಗೇಟಿಗೆ ಸರಪಳಿ ಇತ್ತು. ನಿಮ್ಮಪ್ಪನ ಕಾಲದಲ್ಲೂ ಆ ಗೇಟಿಗೆ ಬೀಗ ನೋಡಿರಲಿಲ್ಲ. ಸಹಿ ಹಾಕಿದ್ದಕ್ಕೆ ನನಗೆ ಮುಖ ತೋರಿಸೋಕೆ ಆಗದೆ ಹಾಕಿದಾಳೆ ಅಂದ್ಕೊಂಡೆ. ಆ ಸರಪಳಿ ನೋಡಿದ ಮೇಲೇ ನಾನು ಅವನ ಮಾತು ನಂಬಿದ್ದು ಆರ್ಡಿಸ್. ಮನೆಗೆ ಹೋಗಿ ಅವತ್ತೇ ಹಾಕಿದೆ."

ಆರ್ಡಿಸ್ ಕಾರಿನ ಕಡೆ ನಡೆದಳು. ಅವಳ ಹುಲ್ಲುಗಾವಲಿಗೆ ಅವಳೇ ಕಾವಲು ನಿಂತಿದ್ದಾಗ, ಪಕ್ಕದ ಗಾವಲನ್ನು ಅವಳ ಸರಪಳಿಯೇ ಕಂಪನಿಗೆ ಒಪ್ಪಿಸಿತ್ತು. ಮನೆಗೆ ಹೋಗುವ ದಾರಿಯಲ್ಲಿ ಅವಳು ಕಾರಿನ ಬಾಗಿಲಿಗೆ ಮುಷ್ಟಿಯಿಂದ ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಮನೆಗೆ ಬಂದ ಮೇಲೆ ಒಂದು ಪಾತ್ರೆಯನ್ನೂ ಮುಟ್ಟಲಿಲ್ಲ. ಕೈ ಊದಿಕೊಂಡಿತ್ತು.

ಎಮಿಲ್ ವಕೀಲರ ಹತ್ತಿರ ಹೋದ. ನಾನೇ ಕರೆದುಕೊಂಡು ಹೋದೆ. ಬಾಯಿಮಾತಿಗೆ ಸಾಕ್ಷಿ ಇಲ್ಲ, ಸಹಿ ನಿಮ್ಮದೇ ತಾನೇ ಎಂದರು ವಕೀಲರು. ಕಂಪನಿಯವರು ಪತ್ರಿಕೆಗೆ, ಕೆಲವರಿಗೆ ತಪ್ಪು ತಿಳಿವಳಿಕೆ ಆಗಿದ್ದರೆ ವಿಷಾದಿಸುತ್ತೇವೆ ಎಂದು ಹೇಳಿಕೆ ಕೊಟ್ಟರು. "ತಿಳಿದದ್ದು ತಪ್ಪಾಗಿರಲಿಲ್ಲ. ಹೇಳಿದ್ದೇ ತಪ್ಪು," ಎಂದು ಆರ್ಡಿಸ್ ಆ ಪತ್ರಿಕೆಯನ್ನು ಒಲೆಗೆ ಹಾಕಿದಳು. ಟ್ರೆಂಟ್ ಮತ್ತೆ ನಮ್ಮ ಕಡೆ ಕಾಣಿಸಲಿಲ್ಲ. ಅವನ ಬದಲು ಇನ್ನೊಬ್ಬ ಬಂದ. ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕಳಿಸಿದೆವು.

ಚಳಿಗಾಲದಲ್ಲಿ ಸುದ್ದಿ ಬಂತು. ಪೈಪು ಮರಳುಗುಡ್ಡಗಳ ಮೂಲಕ ಹೋಗುವುದಿಲ್ಲ, ಗೆರೆಯನ್ನು ಪೂರ್ವಕ್ಕೆ ಸರಿಸುತ್ತಾರೆ. ಊರಿನ ಹೋಟೆಲಿನಲ್ಲಿ ಜನ ಒಬ್ಬರಿಗೊಬ್ಬರು ಬಿಯರ್ ಕೊಡಿಸಿ ಕುಣಿದರು. ಎಮಿಲ್‌ಗೂ ಕೊಡಿಸಿದರು, ಅವನು ಕುಡಿಯದೆ ಮುಂದಿಟ್ಟುಕೊಂಡು ಕೂತಿದ್ದ. ಆರ್ಡಿಸ್‌ಳ ಭುಜ ತಟ್ಟಿ ಯಾರೋ, "ಗೆದ್ದುಬಿಟ್ಟೆ ಕಣಮ್ಮ!" ಎಂದರು.

"ಏನು ಗೆದ್ದಿದ್ದು?" ಅವಳು ಎದ್ದೇ ನಿಂತಳು. "ನಮ್ಮ ಮೇಲಿಂದ ಎತ್ತಿ ಇನ್ನೊಬ್ಬರ ಮೇಲೆ ಇಟ್ರು. ಅಲ್ಲೂ ಬಾವಿ ಇದೆ, ಅಲ್ಲೂ ದನ ಇದೆ. ಅಲ್ಲೂ ಒಬ್ಬ ಟ್ರೆಂಟ್ ಹೋಗ್ತಾನೆ, ಪಕ್ಕದವರು ಸಹಿ ಹಾಕಿದಾರೆ ಅಂತಾನೆ. ಕುಡೀರಿ, ಕುಡೀರಿ."

ಕೆಲವರಿಗೆ ಆ ಮಾತು ಹಿಡಿಸಲಿಲ್ಲ. ಹಬ್ಬ ಕೆಡಿಸುತ್ತಾಳೆ ಎಂದರು. ಅದು ಅವಳ ಕಿವಿಗೂ ಬಿತ್ತು.

ಡ್ವೇನ್ ಕೆಲಸ ಹುಡುಕಿಕೊಂಡು ಉತ್ತರ ಡಕೋಟದ ಎಣ್ಣೆ ಬಾವಿಗಳಿಗೆ ಹೋದ. ಭಾನುವಾರ ಫೋನು ಮಾಡುತ್ತಾನೆ. ಪೈಪು ಇಲ್ಲದ್ದಕ್ಕೆ ಎಣ್ಣೆಯೆಲ್ಲ ರೈಲಿನಲ್ಲಿ ಹೋಗುತ್ತಿದೆ ಅಕ್ಕ, ಇದು ಒಳ್ಳೇದಾ ಎಂದು ಕೇಳುತ್ತಾನೆ. ಒಳ್ಳೇದಲ್ಲ ಎಂದು ಅವಳು ಒಪ್ಪುತ್ತಾಳೆ. ಹಾಗಾದರೆ ಎನ್ನುತ್ತಾನೆ. ಹಾಗಾದರೆ ಏನಿಲ್ಲ, ಊಟ ಮಾಡಿದ್ಯಾ ಎನ್ನುತ್ತಾಳೆ. ಜಗಳ ಮುಗಿದಿಲ್ಲ. ಮುಗಿಯುವುದೂ ಇಲ್ಲ.

ವಸಂತದಲ್ಲಿ ಹೊಸ ಗೆರೆಯ ನಕ್ಷೆ ಪತ್ರಿಕೆಯಲ್ಲಿ ಬಂದಾಗ ಆರ್ಡಿಸ್ ಅದನ್ನು ಕತ್ತರಿಸಿ ಕಾರಿನಲ್ಲಿಟ್ಟುಕೊಂಡಳು. ಕರು ಹಾಕುವ ಕೆಲಸ ಮುಗಿದ ಕೂಡಲೇ ಆ ಗೆರೆಯ ಮೇಲಿನ ಮನೆಗಳ ಕಡೆ ಹೊರಟೆವು. ಹೊರಡುವಾಗ ಅವಳು ಎಮಿಲ್‌ನ ಅಂಗಳದಲ್ಲಿ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ಅವನು ಬಾಗಿಲಿಗೆ ಬಂದ.

"ಹತ್ತು," ಎಂದಳು. "ನಾನು ಹಾಕಲಿಲ್ಲ ಅಂತ ನಾನು ಹೇಳಿದ್ರೆ ಜಂಬ ಅಂತಾರೆ. ನೀನು ಹಾಕಿದೀಯ. ನೀನು ಹೇಳಿದ್ರೆ ಕೇಳ್ತಾರೆ."

ಮುದುಕನಿಗೆ ಅದು ಎಂಥ ಶಿಕ್ಷೆ ಎಂದು ಅವಳಿಗೆ ಗೊತ್ತಿತ್ತು. ಕ್ಷಮಿಸಿ ಕರೆದದ್ದಲ್ಲ. ಅವನೂ ಕ್ಷಮಿಸಿ ಬಂದನೆಂದು ನನಗೆ ಅನಿಸುವುದಿಲ್ಲ. ಕೋಟು ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ರೇಡಿಯೋದಲ್ಲಿ ಜೋಳದ ಧಾರಣೆ ಕೇಳಿದೆವು.

ಪೂರ್ವದ ಕಡೆ ನೆಲ ಕಪ್ಪು, ಉತ್ತ ಹೊಲಗಳು. ಅಪರಿಚಿತ ಮನೆಗಳ ಬಾಗಿಲು ತಟ್ಟುವುದು ನನಗೆ ಸಾವಿನಷ್ಟು ಸಂಕೋಚ. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬ, ನಿಮ್ಮ ಹತ್ತಿರ ಆಗಲ್ಲ ಅಂತ ನಮ್ಮ ಮೇಲೆ ತಳ್ಳಿದೋರು ನೀವೇ ಅಲ್ವಾ ಎಂದು ಉಗಿದು ಕಳಿಸಿದ. "ಅವನು ಹೇಳಿದ್ದು ಸರಿ," ಎಂದಳು ಆರ್ಡಿಸ್ ಕಾರಿನಲ್ಲಿ.

ಆಮೇಲೆ ಟ್ವಿಲಾ ಯೆನ್ಸನ್ ಎಂಬವಳ ಮನೆ. ನಡುವಯಸ್ಸಿನ ಹೆಂಗಸು, ಕೈಯಲ್ಲಿ ಆಲೂಗಡ್ಡೆ ಹೆರೆಯುವ ಚಾಕು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಒಳಗೆ ಕರೆದಳು, ಆದರೆ ಕೂರಿ ಎನ್ನಲಿಲ್ಲ.

"ತಡವಾಗಿ ಬಂದ್ರಿ," ಎಂದಳು. "ನಮ್ಮ ಸಾಲಲ್ಲಿ ಎಲ್ಲರೂ ಹಾಕಿ ಆಗಿದೆ. ರಸ್ತೆ ಆಚೆ ನೀಲ್ಸ್ ಕೂಡ. ಮೂವತ್ತು ವರ್ಷದ ಸ್ನೇಹ, ನನಗೊಂದು ಮಾತು ಹೇಳಲಿಲ್ಲ. ಅವನ ಹೆಸರೆತ್ತಬೇಡಿ ನನ್ನ ಮುಂದೆ. ನಾಳೆ ನಾನೂ ಹಾಕಿ ಕೈ ತೊಳ್ಕೊಳ್ತೀನಿ."

ಆರ್ಡಿಸ್ ಎಮಿಲ್‌ನ ಕಡೆ ನೋಡಿದಳು. ಎಮಿಲ್ ಗಂಟಲು ಸರಿಮಾಡಿಕೊಂಡ.

"ನೀಲ್ಸ್ ಹಾಕಿದಾನೆ ಅಂತ ನಿಮಗೆ ಯಾರು ಹೇಳಿದ್ದು?"

"ಕಂಪನಿಯೋರು."

"ನೀಲ್ಸ್ ಹೇಳಿದ್ನಾ?"

ಟ್ವಿಲಾ ಚಾಕು ಹಿಡಿದೇ ನಿಂತಳು.

"ನಾನು ಹಾಕಿದೋನು," ಎಂದ ಎಮಿಲ್. "ಇವಳು ಹಾಕಿದಾಳೆ ಅಂತ ನನಗೆ ಹೇಳಿದ್ರು. ಇವಳಿಗೆ ನಾನು ಹಾಕಿದೀನಿ ಅಂತ ಹೇಳಿದ್ರು. ಇಬ್ಬರೂ ಹಾಕಿರಲಿಲ್ಲ. ನಾನು ಇವಳನ್ನ ಕೇಳಲಿಲ್ಲ. ಅಷ್ಟೇ ಅಮ್ಮ, ಹೇಳೋಕೆ ಬಂದಿದ್ದು."

ಟ್ವಿಲಾ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಚಾಕುವನ್ನು ಮೇಜಿನ ಮೇಲೆ ಎಸೆದು, ಏಪ್ರನ್ ಬಿಚ್ಚದೆ, ನಮ್ಮನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು. ಕಿಟಕಿಯಲ್ಲಿ ನೋಡಿದೆವು. ರಸ್ತೆ ದಾಟುವಾಗ ಎಡಬಲ ನೋಡಲಿಲ್ಲ. ರಸ್ತೆಯಾಚೆಯ ಬಾಗಿಲನ್ನು ಅಂಗೈಯಿಂದ ಬಡಿಯುವುದು ಇಲ್ಲಿಗೂ ಕೇಳಿಸಿತು.

ಒಲೆಯ ಮೇಲೆ ನೀರು ಉಕ್ಕಿತು. ಆರ್ಡಿಸ್ ಹೋಗಿ ಉರಿ ತಗ್ಗಿಸಿದಳು. ಪರರ ಅಡುಗೆಮನೆಯಲ್ಲಿ ನಾವು ಮೂವರು ಕಳ್ಳರ ಹಾಗೆ ನಿಂತಿದ್ದೆವು.

"ಹೋಗಿಬಿಡೋಣ್ವಾ?" ಎಂದ ಎಮಿಲ್.

"ಇರು."

ಟ್ವಿಲಾ ವಾಪಸು ಬಂದಾಗ ಜೊತೆಗೆ ಎತ್ತರದ ಒಬ್ಬ ಗಂಡಸಿದ್ದ, ಕಾಲಿಗೆ ಕಾಲುಚೀಲ ಮಾತ್ರ, ಬೂಟು ಹಾಕುವಷ್ಟೂ ತಡೆದಿರಲಿಲ್ಲ. ಇಬ್ಬರ ಮುಖವೂ ಸುಣ್ಣದಂತೆ ಬಿಳುಚಿತ್ತು. ಅವನಿಗೆ ಮಾತು ತೊದಲಿತು. "ಇವಳು ಹೋದ ತಿಂಗಳೇ ಹಾಕಿದಾಳೆ ಅಂತ ನನಗೆ... ಇವಳ ಮನೆ ಕಡೆ ತಲೆ ಹಾಕಿ ಮಲಗಿಲ್ಲ ನಾನು. ಆ ಬೋಳಿಮಗ ಎಲ್ಲಿದಾನೆ ಈಗ?"

"ಅವನು ಸಿಗ್ತಾನೆ ಬಿಡಿ," ಎಂದಳು ಆರ್ಡಿಸ್. "ನಿಮ್ಮ ಆಚೆ ಮನೆ ಯಾರದು?"

ನೀಲ್ಸ್ ಒಂದು ಹೆಸರು ಹೇಳ ಹೊರಟ. ಅಷ್ಟರಲ್ಲಿ ಟ್ವಿಲಾ ಗೋಡೆಯ ಫೋನು ಎತ್ತಿಕೊಂಡಾಗಿತ್ತು.